ದೋಟಿ ಬಾಗಿದ್ದು ಏಕೆ?

ಅಡಿಕೆಗೆ ಬೋರ್ಡೋ ಎಂಬ ಔಷಧಿ ದ್ರಾವಣ ಸಿಂಪಡಿಸುವ ದಿನಗಳು. ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು ಅಲ್ಯೂಮಿನಿಯಂ ದೋಟಿಯ (ನೆಲದಿಂದಲೇ ಮರದ ಮೇಲಕ್ಕೆ ಎಟುಕುವ ಉದ್ದ ಕೋಲಿನ) ಒಂದು ತುಂಡನ್ನು ಹೆಗಲ ಮೇಲಿಟ್ಟುಕೊಂಡು, ಕಾಸರಗೋಡಿನಲ್ಲಿರುವ ನಮ್ಮ ಪ್ರಯೋಗಾಲಯಕ್ಕೆ ಬಂದರು. “ಮಾಷ್ಟ್ರೇ, ಇದು ಹೊಸತು. ಹಳೆಯದೂ ಇಷ್ಟೇ ದಪ್ಪ, ಆದರೆ ಇಷ್ಟು ಬಾಗುತ್ತಿರಲಿಲ್ಲ. ಲೋಹವೇ ಕಳಪೆಯೋ ಏನೋ, ನೋಡಿ ಹೇಳಿ” ಎಂದರು.

ಲೋಹದ ಕಳಪೆತನ ಬಾಗುವಿಕೆಯಲ್ಲಿ ಕಾಣುವುದು ಕಡಿಮೆ. ಮಿಶ್ರಲೋಹ ಅಗ್ಗದ್ದಿರಲಿ, ದುಬಾರಿಯದಿರಲಿ, ಅಲ್ಯೂಮಿನಿಯಂನ ಯಂಗ್ ಗುಣಾಂಕ, ಅಂದರೆ ಲೋಹದ ಬಿಗಿತದ ಅಳತೆ, 70 ಗಿಗಾಪಾಸ್ಕಲ್‌ನ ಆಸುಪಾಸಿನಲ್ಲೇ ಇರುತ್ತದೆ. ಅಗ್ಗದ್ದು ಬೇಗ ಡೊಂಕಾಗಿ ಹಾಗೆಯೇ ಉಳಿದುಬಿಡಬಹುದು. ಅದು ಬೇರೆ ಗುಣ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಅವರು ನಂಬುವ ಹಾಗೆ ಕಾಣಲಿಲ್ಲ. ಅಳೆಯೋಣ ಎಂದೆ.

ಲೋಹ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂದು ಅಳೆಯುವ ಸ್ಟ್ರೈನ್ ಗೇಜ್ ಎಂಬುದು ಅಂಚೆಚೀಟಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಹಿಂದೆ ಮುಂದೆ ಮಡಚಿದ ತೆಳುವಾದ ಲೋಹದ ಗೆರೆ. ಎಳೆದಾಗ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ ಎಂಬುದನ್ನು ಲಾರ್ಡ್ ಕೆಲ್ವಿನ್ 1856ರಲ್ಲೇ ತೋರಿಸಿದ್ದರು. ಅದನ್ನು ಲೋಹಕ್ಕೆ ಅಂಟಿಸಿ ಅಳೆಯುವ ಉಪಾಯ ಅಮೆರಿಕದ ಸಿಮನ್ಸ್ ಮತ್ತು ರೂಜ್ ಎಂಬ ಇಬ್ಬರಿಗೆ 1938ರಲ್ಲಿ ಬೇರೆ ಬೇರೆಯಾಗಿ ಹೊಳೆಯಿತು.

ಅಂಟಿಸುವುದರಲ್ಲೇ ಅರ್ಧ ಕೆಲಸ. ನಮ್ಮೂರಿನ ಮಳೆಗಾಲದಲ್ಲಂತೂ ಮುಕ್ಕಾಲು ಕೆಲಸ. ಎಮರಿ ಕಾಗದದಿಂದ ತಿಕ್ಕಿ, ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ಹಿಂದಕ್ಕೆ ಮುಂದಕ್ಕೆ ಒರೆಸಿದರೆ ತೆಗೆದ ಜಿಡ್ಡನ್ನೇ ಮತ್ತೆ ಬಳಿದಂತೆ. ಒಂದು ಹನಿ ಅಂಟು ಹಾಕಿ, ಹೆಬ್ಬೆರಳಿನಿಂದ ಒಂದು ನಿಮಿಷ ಅಲುಗಾಡದೆ ಒತ್ತಬೇಕು. ಆಮೇಲೆ ತೇವದ ಕಾಟ. ಗೇಜಿನ ಒಂದು ತುದಿಯಿಂದ ಇನ್ನೊಂದಕ್ಕೆ ತೇವದ ಮೂಲಕ ಹತ್ತು ಲಕ್ಷ ಓಮ್‌ನ ಕಳ್ಳದಾರಿ ಬಿದ್ದರೂ 120 ಓಮ್‌ನ ಗೇಜು 60 ಮೈಕ್ರೋಸ್ಟ್ರೈನ್‌ನಷ್ಟು ಸುಳ್ಳು ಹೇಳುತ್ತದೆ. ಒಂದು ಮೈಕ್ರೋಸ್ಟ್ರೈನ್ ಎಂದರೆ ಉದ್ದದ ಹತ್ತು ಲಕ್ಷದಲ್ಲೊಂದು ಪಾಲು. ಆ ಸುಳ್ಳು ಸ್ಥಿರವಾಗಿದ್ದರೆ ಕಳೆದುಬಿಡಬಹುದಿತ್ತು; ಆದರೆ ಜುಲೈಯ ಗಾಳಿ ಯಾವುದನ್ನು ಸ್ಥಿರವಾಗಿರಲು ಬಿಟ್ಟಿದೆ? ಗೇಜಿಗೆ ತಂತಿಗಳ ಬೆಸುಗೆಯಾದ ಕೂಡಲೇ ಹೇರ್ ಡ್ರೈಯರ್‌ನಿಂದ ಹದವಾಗಿ ಒಣಗಿಸಿ, ಮೇಲೆ ಮೇಣ ಬಳಿಯುವುದು ನನ್ನ ಪದ್ಧತಿ.

ಕೊಳವೆಯ ಒಂದು ತುದಿಯೊಳಗೆ ಮರದ ಬಿರಡೆ ಹೊಡೆದು ವೈಸ್‌ಗೆ ಕಚ್ಚಿಸಿದೆ. ಮೇಲೊಂದು, ಕೆಳಗೊಂದು ಗೇಜು. ಮೇಲಿನದು ಹಿಗ್ಗಿದಷ್ಟೇ ಕೆಳಗಿನದು ಕುಗ್ಗುತ್ತದೆ. ಬಿಸಿಯಾದಾಗ ಮಾತ್ರ ಎರಡೂ ಒಂದೇ ರೀತಿ ವರ್ತಿಸುವುದರಿಂದ ರೋಧಗಳ ವ್ಯತ್ಯಾಸ ಅಳೆಯುವ ವೀಟ್‌ಸ್ಟನ್ ಬ್ರಿಜ್ ಎಂಬ ವಿದ್ಯುತ್ ಮಂಡಲದಲ್ಲಿ ಆ ಪರಿಣಾಮ ಹೊಡೆದುಹೋಗುತ್ತದೆ. ಪಕ್ಕದಲ್ಲಿ ಅಡ್ಡಡ್ಡವಾಗಿ ಇನ್ನೊಂದು ಜೋಡಿ. ಗೇಜಿನಿಂದ ಅರ್ಧ ಮೀಟರ್ ದೂರದಲ್ಲಿ ಒಂದೊಂದೇ ಕಿಲೋ ತೂಗುಹಾಕುತ್ತ ಐದರವರೆಗೆ ಹೋಗಿ, ಹಾಗೆಯೇ ಇಳಿಸುತ್ತ ಬಂದೆ. ಐದು ಕಿಲೋಗೆ ಉದ್ದಕ್ಕೆ 198 ಮೈಕ್ರೋಸ್ಟ್ರೈನ್. ಅಂದರೆ ರೋಧದಲ್ಲಿ ಒಂದು ಓಮ್‌ನ ಇಪ್ಪತ್ತನೇ ಒಂದು ಪಾಲಿಗಿಂತಲೂ ಕಡಿಮೆ ವ್ಯತ್ಯಾಸ. ಅಡ್ಡಕ್ಕೆ 65ರಷ್ಟು ಕುಗ್ಗಿತ್ತು.

ಕೊಳವೆಯ ಮೇಲಿನ ಚೀಟಿಯಲ್ಲಿ ಹೊರವ್ಯಾಸ 38 ಮಿಲಿಮೀಟರ್, ಗೋಡೆಯ ದಪ್ಪ 2 ಮಿಲಿಮೀಟರ್ ಎಂದಿತ್ತು. ಅದನ್ನು ನಂಬಿ ಸ್ಟ್ರೆಸ್, ಅಂದರೆ ಲೋಹದ ಪ್ರತಿ ಚದರ ಅಳತೆಯ ಮೇಲೆ ಬೀಳುವ ಬಲ, ಎಷ್ಟೆಂದು ಲೆಕ್ಕ ಹಾಕಿ ಸ್ಟ್ರೈನ್‌ನಿಂದ ಭಾಗಿಸಿದಾಗ ಯಂಗ್ ಗುಣಾಂಕ 64 ಗಿಗಾಪಾಸ್ಕಲ್ ಬಂತು. “ನಾನು ಹೇಳಲಿಲ್ಲವೇ?” ಎಂಬಂತೆ ಅವರು ನನ್ನ ಮುಖ ನೋಡಿದರು.

ನನಗೆ ಅನುಮಾನ ಹುಟ್ಟಿಸಿದ್ದು ಅಡ್ಡಗೇಜು. 65ನ್ನು 198ರಿಂದ ಭಾಗಿಸಿದರೆ 0.33. ಅದು ಪಾಯ್ಸಾನ್ ಅನುಪಾತ, ಅಲ್ಯೂಮಿನಿಯಂಗೆ ಸರಿಯಾಗಿ ಹೊಂದುವ ಅಂಕಿ. ಈ ಭಾಗಾಕಾರದಲ್ಲಿ ತೂಕವೂ ಇಲ್ಲ, ಗೋಡೆಯ ದಪ್ಪವೂ ಇಲ್ಲ. ಎರಡು ಗೇಜುಗಳ ಮಾತು ಮಾತ್ರ. ಅವು ಒಂದಕ್ಕೊಂದು ಒಪ್ಪುತ್ತಿವೆ, ಭಾರ ಇಳಿಸಿದಾಗ ಶೂನ್ಯಕ್ಕೂ ಮರಳಿವೆ. ಹಾಗಿದ್ದರೆ ತಪ್ಪು ಸ್ಟ್ರೆಸ್‌ನ ಲೆಕ್ಕದಲ್ಲಿರಬೇಕು. ತೂಕದ ಬಟ್ಟುಗಳನ್ನು ನಾನೇ ಪರೀಕ್ಷಿಸಿದ್ದೆ. ಉಳಿದದ್ದು ಚೀಟಿ.

ಅವರ ಒಪ್ಪಿಗೆ ಪಡೆದು ತುದಿಯಲ್ಲಿ ಒಂದಿಂಚು ಗರಗಸದಿಂದ ಕೊಯ್ದೆ. ಅರ ಹಾಕಿ ಅಂಚಿನ ಮುಳ್ಳು ತೆಗೆದು, ಮೈಕ್ರೋಮೀಟರ್‌ನಿಂದ ನಾಲ್ಕು ಕಡೆ ಅಳೆದೆ. ನಾಲ್ಕೂ ಕಡೆ 1.8 ಮಿಲಿಮೀಟರ್. ಆ ಅಂಕಿ ಹಾಕಿದ ಮೇಲೆ ಗುಣಾಂಕ 70ಕ್ಕೆ ಬಂದು ನಿಂತಿತು. ಗೋಡೆ ಶೇಕಡ 10ರಷ್ಟು ತೆಳುವಾದದ್ದರಿಂದ ದೋಟಿ ಬಾಗುವುದು ಶೇಕಡ 9ರಷ್ಟು ಹೆಚ್ಚಿತ್ತು. ಯಾವ ಉಪಕರಣವೂ ಇಲ್ಲದೆ ಅವರ ತೋಳು ಅದನ್ನು ಮೊದಲೇ ಕಂಡುಕೊಂಡಿತ್ತು.

“ಅಣ್ಣಾ, ಲೋಹದ್ದೇನೂ ತಪ್ಪಿಲ್ಲ” ಎಂದೆ.

ಅವರು ಕೊಯ್ದ ಬಳೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿ ನೋಡಿದರು. “ಆ 1.8ನ್ನು ಒಂದು ಕಾಗದದಲ್ಲಿ ಬರೆದು ರುಜು ಹಾಕಿ ಕೊಡಿ ಮಾಷ್ಟ್ರೇ. ಅಂಗಡಿ ಮುಚ್ಚುವ ಮುಂಚೆ ಹೋಗಬೇಕು.”