ಷೇರು ಕೊಳ್ಳದವರೂ ಯಾಕೆ ಮುಳುಗಿದರು?

ಪ್ರಶ್ನೆ: 1929ರಲ್ಲಿ ಬಿದ್ದದ್ದು ನ್ಯೂಯಾರ್ಕಿನ ಷೇರುಪೇಟೆ. ಷೇರಿನ ಗಂಧಗಾಳಿಯೇ ಇಲ್ಲದ ಅಮೆರಿಕನ್ನರು ಯಾಕೆ ಬೀದಿಗೆ ಬಂದರು?

ಉತ್ತರ: ಆಗ ಷೇರುಪೇಟೆಗೆ ದುಡ್ಡು ಹಾಕಿದ್ದವರು ನಿಜಕ್ಕೂ ಕಡಿಮೆ. ಆದರೆ ಸಾಲ ಮಾಡಿದ್ದವರು ಕಡಿಮೆ ಇರಲಿಲ್ಲ. 1920ರ ದಶಕದಲ್ಲಿ ಅಲ್ಲಿನ ಮಧ್ಯಮ ವರ್ಗದ ಬದುಕೇ ಬದಲಾಯಿತು. ಕಾರು, ರೇಡಿಯೊ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಕಂತಿನ ಮೇಲೆ ಮನೆಗೆ ಬಂದವು. ಸಾಲ ಮಾಡುವುದು ನಾಚಿಕೆಯ ವಿಷಯವಾಗಿ ಉಳಿಯಲಿಲ್ಲ. ಕಂತು ತಪ್ಪಿದರೆ ಮಾತ್ರ ಕಷ್ಟ. ವಸ್ತುವೂ ಹೋಗುತ್ತಿತ್ತು, ಅಲ್ಲಿಯವರೆಗೆ ಕಟ್ಟಿದ ದುಡ್ಡೂ ಹೋಗುತ್ತಿತ್ತು. ಅದಕ್ಕೇ ಷೇರುಪೇಟೆ ಬಿದ್ದು ಭಯ ಹುಟ್ಟಿದಾಗ ಜನ ಕಂತು ಬಿಡಲಿಲ್ಲ, ಬೇರೆ ಖರೀದಿ ನಿಲ್ಲಿಸಿದರು. ಅಂಗಡಿಯಲ್ಲಿ ಮಾಲು ಹಾಗೇ ಉಳಿಯಿತು, ಕಾರ್ಖಾನೆಗಳು ಆಳುಗಳನ್ನು ಬಿಡಿಸಿದವು.

ಆದರೂ ನನ್ನ ಪ್ರಕಾರ ನಿಜವಾದ ಏಟು ಕೊಟ್ಟಿದ್ದು ಬ್ಯಾಂಕುಗಳು. ನ್ಯೂಯಾರ್ಕಿನಲ್ಲಿ 'ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್' ಅಂತ ಒಂದಿತ್ತು. ಹೆಸರಷ್ಟೇ ದೊಡ್ಡದು, ಅದು ಖಾಸಗಿ ಬ್ಯಾಂಕು. ಸುಮಾರು 4 ಲಕ್ಷ ಖಾತೆದಾರರು, ಬಹಳಷ್ಟು ಮಂದಿ ವಲಸೆ ಬಂದ ಯಹೂದಿಗಳು. 1930ರ ಡಿಸೆಂಬರ್ 10ರಂದು ಅದರ ಬ್ರಾಂಕ್ಸ್ ಶಾಖೆಗೆ ಒಬ್ಬ ವ್ಯಾಪಾರಿ ಬಂದು, ತನ್ನ ಹತ್ತಿರವಿದ್ದ ಆ ಬ್ಯಾಂಕಿನ ಷೇರು ಮಾರಿಕೊಡಿ ಎಂದನಂತೆ. ಈಗ ಮಾರಬೇಡಿ ಅಂದರು ಬ್ಯಾಂಕಿನವರು. ಹೊರಗೆ ಅದು 'ಬ್ಯಾಂಕಿನವರು ದುಡ್ಡು ಕೊಡ್ತಿಲ್ಲ' ಅಂತಾಯಿತು. ಸಂಜೆ ಹೊತ್ತಿಗೆ ಬೀದಿ ತುಂಬಾ ಸಾವಿರಾರು ಜನ. ಖಾತೆಯಲ್ಲಿದ್ದ ಬರೀ 2 ಡಾಲರಿಗಾಗಿ ಒಬ್ಬಾತ ಎರಡು ಗಂಟೆ ಸಾಲಿನಲ್ಲಿ ನಿಂತ ಎಂದು ಅಂದಿನ ಪತ್ರಿಕೆ ಬರೆದಿತ್ತು. ಮರುದಿನ ಬ್ಯಾಂಕು ಬಾಗಿಲು ತೆರೆಯಲೇ ಇಲ್ಲ.

ಠೇವಣಿ ಇಟ್ಟವರ ದುಡ್ಡೆಲ್ಲ ಯಾವ ಬ್ಯಾಂಕಿನ ತಿಜೋರಿಯಲ್ಲೂ ಇರುವುದಿಲ್ಲ, ಸಾಲವಾಗಿ ಹೊರಗಿರುತ್ತದೆ ಅಲ್ವಾ? ಎಲ್ಲರೂ ಒಟ್ಟಿಗೆ ಕೇಳಿದರೆ ಗಟ್ಟಿ ಬ್ಯಾಂಕೂ ನಿಲ್ಲದು. ಹೆದರಿದ ಬ್ಯಾಂಕುಗಳು ಹೊಸ ಸಾಲ ಕೊಡದೆ ಕೂತವು, ಹಳೆಯದನ್ನು ವಾಪಸ್ ಕೇಳಿದವು. ಬಂಡವಾಳ ಸಿಗದ ವ್ಯಾಪಾರಿ ಅಂಗಡಿ ಮುಚ್ಚಿದ. ರೈತರ ಪಾಡಂತೂ ಹೇಳುವುದೇ ಬೇಡ, ಬೆಳೆಗೆ ಬೆಲೆಯಿಲ್ಲದೆ ಅವರು 1920ರ ದಶಕದಲ್ಲೇ ಸಾಲದಲ್ಲಿದ್ದರು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

ಆ ವರ್ಷವೊಂದರಲ್ಲೇ ಸುಮಾರು 4,000 ಬ್ಯಾಂಕುಗಳು ಕೆಲಸ ನಿಲ್ಲಿಸಿದವು. 1934ರ ಜನವರಿಯಿಂದ ಪ್ರತಿ ಖಾತೆದಾರನ 2,500 ಡಾಲರಿನವರೆಗಿನ ಠೇವಣಿಗೆ ವಿಮೆ ಬಂತು. ಆ ವರ್ಷ ವಿಮೆ ಇದ್ದ ಬ್ಯಾಂಕುಗಳಲ್ಲಿ ಮುಳುಗಿದ್ದು 9.