ಬ್ಯಾಕಪ್ಪೇ ಡಿಸ್ಕ್ ತುಂಬಿಸಿದಾಗ

ಶಿರಸಿಯ ಸುತ್ತಮುತ್ತಲಿನ ಸಹಕಾರಿ ಸಂಘಗಳ ಮತ್ತು ಸಣ್ಣ ಕಚೇರಿಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಳೆಗಾಲದ ಒಂದು ಸೋಮವಾರ ಬೆಳಿಗ್ಗೆ, ಅಡಿಕೆ ವ್ಯವಹಾರದ ಪತ್ರಗಳನ್ನೆಲ್ಲ ಸ್ವಂತ ಮೇಲ್ ಸರ್ವರ್‌ನಲ್ಲಿಯೇ ನಡೆಸುವ ಸಂಘವೊಂದರ ಗುಮಾಸ್ತರು ಫೋನ್ ಮಾಡಿ, “ಶನಿವಾರ ರಾತ್ರಿಯಿಂದ ಒಂದು ಮೇಲೂ ಬಂದಿಲ್ಲ ಮಾರಾಯ್ರೇ, ಇಂಟರ್‌ನೆಟ್ ಮಾತ್ರ ಸರಿ ಇದೆ” ಎಂದರು. ಹೋಗಿ ನೋಡಿದರೆ 500 ಜಿಬಿ ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಪತ್ರಗಳನ್ನು ಸ್ವೀಕರಿಸುವ, ಕಳುಹಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶವು, ಒಂದು ಪತ್ರಕ್ಕೆ ನಾವು ನಿಗದಿ ಮಾಡಿದ ಗರಿಷ್ಠ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಜಾಗ ಉಳಿದಾಗ, ಹೊರಗಿನಿಂದ ಬರುವ ಪತ್ರಗಳನ್ನು 452 ಎಂಬ ಸಂಕೇತದೊಂದಿಗೆ ಬಾಗಿಲಲ್ಲೇ ತಡೆಯುತ್ತದೆ. ನಾಲ್ಕರಿಂದ ಆರಂಭವಾಗುವ ಸಂಕೇತದ ಅರ್ಥ “ಈಗಾಗದು, ಆಮೇಲೆ ಬಾ” ಎಂದು. ಕಳುಹಿಸುವ ಕಡೆಯೂ ಪೋಸ್ಟ್‌ಫಿಕ್ಸ್ ಇದ್ದರೆ ಅದು ಸಾಮಾನ್ಯವಾಗಿ 5 ದಿನ ಮತ್ತೆ ಮತ್ತೆ ಪ್ರಯತ್ನಿಸಿ, ಆ ಬಳಿಕವಷ್ಟೇ ಪತ್ರವನ್ನು ಹಿಂದಿರುಗಿಸುತ್ತದೆ. ಹೀಗಾಗಿ ನಮ್ಮ ಕೈಯಲ್ಲಿ ಇನ್ನೂ ಸಮಯವಿತ್ತು, ಗಾಬರಿಯಿಂದ ಸಿಕ್ಕಿದ್ದನ್ನು ಅಳಿಸುವ ಅಗತ್ಯವಿರಲಿಲ್ಲ.

ಕಾರ್ಯದರ್ಶಿಗಳ ಮೊದಲ ಪ್ರಶ್ನೆ, “ಹಳೆಯ ಮೇಲ್‌ಗಳನ್ನು ತೆಗೆಯೋಣವೇ?” ಎಂಬುದಾಗಿತ್ತು. ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಆದರೆ ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ಅಳೆದಾಗ, ಎಲ್ಲರ ಅಂಚೆಪೆಟ್ಟಿಗೆಗಳೂ ಸೇರಿ 110 ಜಿಬಿ ಮಾತ್ರ ಇದ್ದವು. ಸರ್ವರ್ ತನ್ನ ಕೆಲಸವನ್ನೆಲ್ಲ ಸಾಲುಸಾಲಾಗಿ ಬರೆದಿಡುವ ದಾಖಲೆಗಳು, ಅಂದರೆ ಲಾಗ್‌ಗಳು, 38 ಜಿಬಿ. ಉಳಿದದ್ದರಲ್ಲಿ ಬಹುಪಾಲು, ಪ್ರತಿ ರಾತ್ರಿ ಇಡೀ ಅಂಚೆಪೆಟ್ಟಿಗೆಯನ್ನು ಕುಗ್ಗಿಸಿ ಗಂಟು ಕಟ್ಟಿ ಅದೇ ಡಿಸ್ಕ್‌ನಲ್ಲಿ ಇಡುತ್ತಿದ್ದ ಬ್ಯಾಕಪ್‌ಗಳು. ತಲಾ 80 ಜಿಬಿಯ ಮೂರು ಪೂರ್ಣ ಪ್ರತಿಗಳು, ಶನಿವಾರ ರಾತ್ರಿ ಅರ್ಧಕ್ಕೆ ನಿಂತ ಒಂದು, ಮತ್ತು ಭಾನುವಾರ ರಾತ್ರಿಯ ಸೊನ್ನೆ ಬೈಟಿನ ಒಂದು ಕಡತ.

ಬ್ಯಾಕಪ್ ನಡೆಸಲು ಯಾರೋ ಹಿಂದೆ ಬರೆದಿಟ್ಟಿದ್ದ ಸ್ಕ್ರಿಪ್ಟ್ (ಆದೇಶಗಳ ಕಡತ) ತೆರೆದು ಓದಿದಾಗ ಕಾರಣ ಕಂಡಿತು. ಅದು ಮೊದಲು ಹೊಸ ಪ್ರತಿಯನ್ನು ಮಾಡುತ್ತಿತ್ತು, ಆ ಕೆಲಸ ಯಶಸ್ವಿಯಾದರೆ ಮಾತ್ರ ಮೂರಕ್ಕಿಂತ ಹೆಚ್ಚಾದ ಹಳೆಯದನ್ನು ಅಳಿಸುತ್ತಿತ್ತು. ಹಳೆಯದನ್ನು ಮೊದಲೇ ಅಳಿಸದಿರುವ ಈ ಕ್ರಮ ಸರಿಯಾದದ್ದೇ, ಆದರೆ ಮೂರು ಪ್ರತಿ ಇಡಬೇಕಾದರೆ ನಾಲ್ಕರ ಜಾಗ ಬೇಕು ಎಂಬ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಅಂಚೆಪೆಟ್ಟಿಗೆ ಚಿಕ್ಕದಿದ್ದಾಗ ನಾಲ್ಕೂ ಹಿಡಿಸುತ್ತಿದ್ದವು. ದೊಡ್ಡದಾದ ಮೇಲೆ ಒಂದು ರಾತ್ರಿ ನಾಲ್ಕನೆಯದು ಅರ್ಧಕ್ಕೆ ನಿಂತಿತು, ನಿಂತದ್ದರಿಂದ ಹಳೆಯದು ಅಳಿಯಲಿಲ್ಲ, ಅಳಿಯದ್ದರಿಂದ ಮರುದಿನವೂ ಹೊಸದು ಆಗಲಿಲ್ಲ. ಅದೇ ಡಿಸ್ಕ್‌ನಲ್ಲಿರುವ ಬ್ಯಾಕಪ್, ಡಿಸ್ಕ್ ಕೆಟ್ಟಾಗ ಜೊತೆಗೇ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಡಿಸ್ಕ್ ಗಟ್ಟಿಯಾಗಿದ್ದಾಗಲೂ ಅದು ಸೇವೆಯನ್ನೇ ನಿಲ್ಲಿಸಬಲ್ಲದು ಎಂಬುದನ್ನು ಮಾತ್ರ ಹೆಚ್ಚಿನವರು ಅನುಭವಿಸಿಯೇ ತಿಳಿಯುತ್ತಾರೆ.

ಅರ್ಧಕ್ಕೆ ನಿಂತ ಗಂಟಿನಿಂದ ಎಲ್ಲವನ್ನೂ ಮರಳಿ ಪಡೆಯಲಾಗದು, ಆದ್ದರಿಂದ ಮೊದಲು ಹೋದದ್ದು ಅದು. ಅಷ್ಟಕ್ಕೇ ಪತ್ರಗಳು ಬರತೊಡಗಿದವು. ಎರಡು ದಿನ ಹೊರಗೆ ಕಾದಿದ್ದವು ಮಧ್ಯಾಹ್ನದ ಊಟದ ಹೊತ್ತಿನ ತನಕವೂ ಒಂದೊಂದಾಗಿ ಒಳಬರುತ್ತಲೇ ಇದ್ದವು. ಪೂರ್ಣವಾದ ಮೂರರಲ್ಲಿ ಕೊನೆಯದನ್ನು ಬಾಹ್ಯ ಡಿಸ್ಕ್‌ಗೆ ನಕಲು ಮಾಡಿ, ತೆರೆಯುತ್ತದೆಯೇ ಎಂದು ಪರೀಕ್ಷಿಸಿದ ನಂತರವೇ ಹಳೆಯ ಎರಡನ್ನು ತೆಗೆದೆ. ಪೋಸ್ಟ್‌ಫಿಕ್ಸ್‌ನ ಸರತಿ ಫೋಲ್ಡರ್‌ಗೆ ಇಂಥ ಸಂದರ್ಭದಲ್ಲಿ ಕೈ ಹಾಕಲೇಬಾರದು. ಅಲ್ಲಿರುವುದು ಕಸದಂತೆ ಕಂಡರೂ ಅದು ಯಾರೋ ಕಳುಹಿಸಿ ಇನ್ನೂ ತಲುಪದ ಪತ್ರ.

ಲಾಗ್‌ಗಳ ವಿಷಯದಲ್ಲಿ ತಪ್ಪು ನನ್ನದೇ. ಎರಡು ತಿಂಗಳ ಹಿಂದೆ ನಿರ್ದೇಶಕರೊಬ್ಬರ ಮೊಬೈಲ್‌ನಲ್ಲಿ ಲಾಗಿನ್ ಆಗುತ್ತಿಲ್ಲವೆಂದು ಪೆಟ್ಟಿಗೆಯ ಪತ್ರಗಳನ್ನು ಬಳಕೆದಾರರಿಗೆ ತೆರೆದು ಕೊಡುವ ಡವ್‌ಕಾಟ್ ತಂತ್ರಾಂಶದ ಡೀಬಗ್ ಆಯ್ಕೆಯನ್ನು, ಅಂದರೆ ಪ್ರತಿಯೊಂದನ್ನೂ ವಿವರವಾಗಿ ಬರೆದಿಡುವ ಆಯ್ಕೆಯನ್ನು, ಚಾಲೂ ಮಾಡಿದ್ದವನು, ಸಮಸ್ಯೆ ಬಗೆಹರಿದ ಮೇಲೆ ಅದನ್ನು ಆರಿಸಲು ಮರೆತಿದ್ದೆ. ಪಾಸ್‌ವರ್ಡ್ ಊಹಿಸಲು ಹಗಲು ರಾತ್ರಿ ಬಾಗಿಲು ತಟ್ಟುವ ಯಂತ್ರಗಳು ಅಂತರ್ಜಾಲದಲ್ಲಿ ಸದಾ ಇರುತ್ತವೆ, ಅವುಗಳ ಒಂದೊಂದು ಪ್ರಯತ್ನಕ್ಕೂ ಹತ್ತಾರು ಸಾಲು ಬರೆದುಕೊಂಡು ಲಾಗ್ ಉಬ್ಬಿತ್ತು. ಇಂಥ ಕಡತವನ್ನು ನೇರವಾಗಿ ಅಳಿಸುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಬಹಳ ವರ್ಷಗಳ ಹಿಂದೆ ಕಾರವಾರದ ಒಂದು ಕಚೇರಿಯಲ್ಲಿ ನಾನು ದೊಡ್ಡ ಲಾಗ್ ಒಂದನ್ನು ಅಳಿಸಿ, ಮತ್ತೆ ಅಳೆದು, ಒಂದು ಎಂಬಿಯೂ ಬಿಡುವಾಗದ್ದನ್ನು ಕಂಡು ಬೆವರಿದ್ದೆ. ಲಿನಕ್ಸ್‌ನಲ್ಲಿ ಕಡತದ ಹೆಸರು ಹೋದರೂ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಬಿಡುವ ತನಕ ಜಾಗ ಬಿಡುಗಡೆಯಾಗುವುದಿಲ್ಲ. ಲಾಗ್ ಬರೆಯುವ ಸೇವೆಯನ್ನು ಮರುಚಾಲನೆ ಮಾಡಿದಾಗಲೇ ಆ ಜಾಗ ಕೈಗೆ ಬಂತು. ಈಗ ನಾನು ಸಂಕುಚಿತ ಪ್ರತಿಯೊಂದನ್ನು ಬೇರೆಡೆಗೆ ತೆಗೆದಿಟ್ಟು, ಮೂಲ ಕಡತವನ್ನು ಅಳಿಸದೆ ಖಾಲಿ ಮಾಡುತ್ತೇನೆ.

ಹಾಗೆಂದು ಲಾಗ್‌ಗಳನ್ನು ಬೇಕಾದಂತೆ ಎಸೆಯುವ ಸ್ವಾತಂತ್ರ್ಯ ನಮಗಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಭಾರತದೊಳಗೇ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕು. ಹಳೆಯ ಲಾಗ್‌ಗಳನ್ನು ಸರದಿಯಂತೆ ತೆಗೆಯುವ ಲಾಗ್‌ರೊಟೇಟ್‌ನಲ್ಲಿ ಸಾಮಾನ್ಯವಾಗಿ ಕಂಡುಬರುವ ‘ವಾರಕ್ಕೊಂದು, ಒಟ್ಟು ನಾಲ್ಕು’ ಎಂಬ ಹೊಂದಿಕೆ ಒಂದು ತಿಂಗಳಿಗೂ ಸಾಲದು, 26 ವಾರಗಳೆಂದು ಬದಲಿಸಿದರೆ 182 ದಿನಗಳಾಗುತ್ತವೆ. ಸಂಕುಚಿತಗೊಳಿಸುವ ಆಯ್ಕೆಯನ್ನೂ ಚಾಲೂ ಮಾಡಿದರೆ ಮೇಲ್ ಲಾಗ್ ಹತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುವುದು ಸಾಮಾನ್ಯ, ಆರು ತಿಂಗಳು ಇಟ್ಟರೂ ಅದು ಭಾರವೆನಿಸದು. ಜೊತೆಗೆ ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಜರ್ನಲ್ ಅದೇ ಸಾಲುಗಳನ್ನು ತಾನೂ ಇನ್ನೊಂದು ಪ್ರತಿ ಬರೆದಿಡುತ್ತಿರಬಹುದು, ಅದಕ್ಕೊಂದು ಮಿತಿ ಹಾಕಿದರೆ ಸಾಕು.

ಅಂಚೆಪೆಟ್ಟಿಗೆಗಳು ಬೆಳೆಯುವುದು ಮುಖ್ಯವಾಗಿ ಲಗತ್ತುಗಳಿಂದ. 15 ಎಂಬಿಯ ಸ್ಕ್ಯಾನ್ ಪ್ರತಿಯೊಂದು ಪತ್ರದಲ್ಲಿ ಸಾಗುವಾಗ ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗಿ 20 ಎಂಬಿ ಆಗುತ್ತದೆ. ಸಭೆಯ ನಡಾವಳಿಯೆಂದು ಅದನ್ನು 12 ನಿರ್ದೇಶಕರಿಗೆ ಕಳುಹಿಸಿದರೆ, ಪ್ರತಿಯೊಬ್ಬರ ಪೆಟ್ಟಿಗೆಯಲ್ಲೂ ಪತ್ರವನ್ನು ಬೇರೆ ಕಡತವಾಗಿ ಇಡುವ ಮೇಲ್‌ಡೈರ್ ಪದ್ಧತಿಯ ಸರ್ವರ್‌ನಲ್ಲಿ 12 ಪ್ರತಿ ಸೇರಿ 240 ಎಂಬಿ. ಕಸದ ಫೋಲ್ಡರ್‌ನಲ್ಲಿ 30 ದಿನ ದಾಟಿದ್ದನ್ನು ತಾನಾಗಿ ಅಳಿಸುವಂತೆ ಮಾಡಿದ್ದೇನೆ, ಉಳಿದ ಯಾವುದನ್ನೂ ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟುವುದಿಲ್ಲ.

ಬ್ಯಾಕಪ್‌ಗೆ ಈಗ, ಬದಲಾದ ಕಡತಗಳನ್ನು ಮಾತ್ರ ನಕಲು ಮಾಡುವ ಆರ್‌ಸಿಂಕ್ ಬಳಸುತ್ತಿದ್ದೇವೆ. ಮೇಲ್‌ಡೈರ್‌ನಲ್ಲಿ ಒಂದು ಪತ್ರಕ್ಕೆ ಒಂದು ಕಡತ. ಬದಲಾಗದ ಕಡತಕ್ಕೆ ನಿನ್ನೆಯ ಪ್ರತಿಯಿಂದ ಹಾರ್ಡ್ ಲಿಂಕ್ (ಅದೇ ಕಡತಕ್ಕೆ ಇನ್ನೊಂದು ಹೆಸರು) ಕೊಟ್ಟರೆ, ಪ್ರತಿ ದಿನದ ಫೋಲ್ಡರ್ ಪೂರ್ಣವಾಗಿ ಕಂಡರೂ ಹೊಸದಕ್ಕೆ ಮಾತ್ರ ಜಾಗ ಹೋಗುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ. ಪತ್ರವನ್ನು ಓದಿದ ಗುರುತು ಕಡತದ ಹೆಸರಿನಲ್ಲೇ ಸೇರುವುದರಿಂದ, ಓದಿದ ಪತ್ರವು ಆರ್‌ಸಿಂಕ್‌ನ ಕಣ್ಣಿಗೆ ಹೊಸ ಕಡತವಾಗಿ ಕಂಡು ಇನ್ನೊಮ್ಮೆ ನಕಲಾಗುತ್ತದೆ. ಹಾಗಾಗಿ ದಿನಕ್ಕೆ ಬರುವ ಪತ್ರಗಳ ಗಾತ್ರದ ಎರಡು ಪಟ್ಟನ್ನು ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಡಿಸ್ಕಿನ ಕಡತ ವ್ಯವಸ್ಥೆ ಹಾರ್ಡ್ ಲಿಂಕ್ ಬಲ್ಲ ಎಕ್ಸ್‌ಟಿ4ನಂಥದ್ದಾಗಿರಬೇಕು, ಅಂಗಡಿಯಿಂದ ತಂದ ಯುಎಸ್‌ಬಿ ಡಿಸ್ಕ್ ಎಕ್ಸ್‌ಫ್ಯಾಟ್‌ನಲ್ಲೇ ಉಳಿದರೆ ಹಾರ್ಡ್ ಲಿಂಕ್ ನಡೆಯದು. ಸಣ್ಣ ಕಡತಗಳು ಲಕ್ಷಗಟ್ಟಲೆ ಆದಾಗ ಜಾಗವಿದ್ದೂ ಐನೋಡ್‌ಗಳು (ಪ್ರತಿ ಕಡತಕ್ಕೂ ಡಿಸ್ಕ್‌ನಲ್ಲಿ ಬೇಕಾಗುವ ಒಂದೊಂದು ದಾಖಲೆ) ಮುಗಿದು ‘ಡಿಸ್ಕ್ ಭರ್ತಿ’ ಎಂದೇ ದೋಷ ಬರಬಹುದು, ಅವನ್ನೂ ಆಗಾಗ ಎಣಿಸಬೇಕು.

ಎರಡನೆಯ ಪ್ರತಿ ಘಟ್ಟದ ಕೆಳಗೆ, ಸಂಘದ ಕಾರವಾರದ ಶಾಖೆಯಲ್ಲಿದೆ. ಮಳೆಗಾಲದಲ್ಲಿ ಶಿರಸಿಯಲ್ಲಿ ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೆ, ಲೈನ್ ಯಾವಾಗ ಕಡಿಯುತ್ತದೆ ಎಂದು ಹೇಳಲಾಗದ್ದರಿಂದ, ಮೊದಲ 110 ಜಿಬಿಯನ್ನು ಡಿಸ್ಕ್‌ನಲ್ಲಿ ತುಂಬಿ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದು ನಾನೇ ಒಯ್ದೆ. ಆಮೇಲಿನ ದಿನದಿನದ ವ್ಯತ್ಯಾಸ ಮಾತ್ರ ಬ್ರಾಡ್‌ಬ್ಯಾಂಡ್‌ನಲ್ಲಿ ಹೋಗುತ್ತದೆ, ನಡುವೆ ಕಡಿದರೆ ಮರುದಿನ ಮುಂದುವರಿಯುತ್ತದೆ. ಡಿಸ್ಕ್ ನೂರಕ್ಕೆ 80 ತುಂಬಿದಾಗ ಎಚ್ಚರಿಕೆ ಬರುವಂತೆ ಮಾಡಿದ್ದೇನೆ, ಅದು ಎಸ್‌ಎಂಎಸ್ ಆಗಿ ಬರುತ್ತದೆ. ಹಿಂದಿನ ಎಚ್ಚರಿಕೆಗಳೆಲ್ಲ ಅದೇ ಮೇಲ್ ಸರ್ವರ್‌ನ ಒಂದು ಪೆಟ್ಟಿಗೆಗೆ ಹೋಗುತ್ತಿದ್ದವು, ಆ ಪೆಟ್ಟಿಗೆಯನ್ನು ಯಾರೂ ತೆರೆಯುತ್ತಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಕಾರವಾರದ ಪ್ರತಿಯಿಂದ ಒಬ್ಬರ ಅಂಚೆಪೆಟ್ಟಿಗೆಯನ್ನು ಪರೀಕ್ಷೆಗೆಂದು ಮರಳಿ ತರುತ್ತೇವೆ. ಮೊದಲ ಸಲ ಕಡತಗಳೆಲ್ಲ ಬಂದರೂ ಡವ್‌ಕಾಟ್ ಒಂದನ್ನೂ ತೆರೆಯಲಿಲ್ಲ. ಬ್ಯಾಕಪ್ ಬಳಕೆದಾರನ ಹೆಸರಿನಲ್ಲಿ ಹೋಗಿ ಬಂದದ್ದರಿಂದ ಕಡತಗಳ ಒಡೆತನ ಬದಲಾಗಿತ್ತು. ಒಡೆತನವನ್ನು ಮರಳಿಸುವ ಆ ಒಂದು ಸಾಲಿನ ಆದೇಶವನ್ನು ಗುಮಾಸ್ತರು ದೊಡ್ಡಕ್ಷರಗಳಲ್ಲಿ ಬರೆದು, ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿಟ್ಟಿದ್ದಾರೆ.