ಮೆಮೊರಿ ಮುಗಿದಾಗ ಬಲಿ ಯಾರು? ಕರ್ನಲ್‌ನ ಹಳೇ ತಗಾದೆ

‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’. ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಲಾಗ್‌ನಲ್ಲಿ ಈ ಸಾಲು ಕಂಡರೆ ಎದೆ ಧಸಕ್ಕೆನ್ನುತ್ತದೆ. ಯಂತ್ರದ ಮೆಮೊರಿಯನ್ನು ಪ್ರೊಸೆಸ್‌ಗಳಿಗೆ (ಓಡುತ್ತಿರುವ ಪ್ರೋಗ್ರಾಂಗಳಿಗೆ) ಹಂಚುವುದು ಲಿನಕ್ಸ್‌ನ ಒಳತಿರುಳಾದ ಕರ್ನಲ್. ಅದು ಸಾಮಾನ್ಯವಾಗಿ ಇರುವುದಕ್ಕಿಂತ ಜಾಸ್ತಿ ಮೆಮೊರಿಗೆ ಮಾತು ಕೊಟ್ಟಿರುತ್ತದೆ. ಎಲ್ಲರೂ ಒಟ್ಟಿಗೆ ಕೇಳಲು ಬಂದರೆ ಯಾರನ್ನಾದರೂ ಕೊಲ್ಲಲೇಬೇಕು. ಆ ಕೆಲಸ ಕರ್ನಲ್‌ನಲ್ಲೇ ಇರುವ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್‌ನದು.

ಅದರ ಲೆಕ್ಕ ತುಂಬಾ ಸರಳ: ಜಾಸ್ತಿ ತಿಂದವನಿಗೆ ಮೊದಲ ಏಟು. ಹಾಗಾಗಿ ಎಷ್ಟೋ ಸಲ ಸಾಯುವುದು, ಯಾವುದಕ್ಕಾಗಿ ಆ ಯಂತ್ರ ಇದೆಯೋ ಆ ಡೇಟಾಬೇಸೇ. 2010ರಲ್ಲಿ ಪ್ರತಿ ಪ್ರೊಸೆಸ್‌ಗೂ -1000ದಿಂದ 1000ದವರೆಗೆ ಅಂಕ ಕೊಡುವ ಅವಕಾಶ ಬಂತು. -1000 ಕೊಟ್ಟರೆ ಅದರ ತಂಟೆಗೆ ಹೋಗುವುದಿಲ್ಲ. ಆದರೆ ‘ಈ ಕಂಟೇನರ್‌ನಲ್ಲಿ (ಒಟ್ಟಿಗೆ ಕಟ್ಟಿಟ್ಟ ಪ್ರೊಸೆಸ್‌ಗಳ ಗುಂಪಿನಲ್ಲಿ) ಒಂದು ಸತ್ತರೆ ಉಳಿದವೂ ದಂಡ’ ಅನ್ನುವಂಥ ವಿಷಯವನ್ನು ಬರೀ ಅಂಕದಲ್ಲಿ ಹೇಳುವುದು ಹೇಗೆ?

ಸರಿ, ಕೊಲ್ಲುವ ನಿರ್ಧಾರವನ್ನು ಕರ್ನಲ್‌ನ ಹೊರಗೇ ಇಡೋಣ ಅಂತ ಹೊರಟವರಿದ್ದಾರೆ. ಆಂಡ್ರಾಯ್ಡ್ ಈ ಕೆಲಸವನ್ನು ಎಲ್‌ಎಂಕೆಡಿ ಎಂಬ ಹೊರಗಿನ ಪ್ರೋಗ್ರಾಂಗೆ ವಹಿಸಿತು. ಫೇಸ್‌ಬುಕ್ 2018ರಲ್ಲಿ ಊಮ್‌ಡಿ ಎಂಬ ಇಂಥದೇ ಪ್ರೋಗ್ರಾಂ ಬಿಡುಗಡೆ ಮಾಡಿತು. ಮೆಮೊರಿಗಾಗಿ ಕೆಲಸಗಳು ಎಷ್ಟು ಹೊತ್ತು ಕಾದು ನಿಂತಿವೆ ಎಂದು ಅಳೆಯುವ ಪಿಎಸ್‌ಐ ಅದೇ ವರ್ಷ ಕರ್ನಲ್ 4.20ಕ್ಕೆ ಸೇರಿತು. ತೊಂದರೆ ಒಂದೇ. ಹೊರಗಿರುವ ಕಾವಲುಗಾರನೂ ಒಂದು ಪ್ರೊಸೆಸ್ಸೇ, ಅಲ್ವಾ? ಇಕ್ಕಟ್ಟು ತೀರಾ ಬಿಗಿಯಾದರೆ ಅವನೂ ಕಾಯುತ್ತಾ ನಿಲ್ಲಬೇಕಾಗುತ್ತದೆ.

ಹಾಗಾದರೆ ನಮ್ಮ ಕೋಡನ್ನು ಕರ್ನಲ್ ಒಳಗೇ ಓಡಿಸಿದರೆ? ಇದರ ಬೇರು 1992ರಲ್ಲಿದೆ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸ್ಟೀವನ್ ಮೆಕ್‌ಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ ನೆಟ್‌ವರ್ಕ್ ಪ್ಯಾಕೆಟ್ ಸೋಸಲು ಬಿಪಿಎಫ್ ಬರೆದರು. 2014ರಲ್ಲಿ ಅಲೆಕ್ಸಿ ಸ್ಟಾರೊವೊಯ್ಟೋವ್ ಅದನ್ನು ಹಿಗ್ಗಿಸಿದರು. ಪುಟ್ಟ ಪ್ರೋಗ್ರಾಂಗಳನ್ನು ಕರ್ನಲ್ ಒಳಗೇ ಓಡಿಸುವ ಇಬಿಪಿಎಫ್ ಹುಟ್ಟಿತು. ಈಗ ಅದನ್ನೇ ಬರೀ ಬಿಪಿಎಫ್ ಅಂತಲೂ ಕರೆಯುತ್ತಾರೆ.

ಇಲ್ಲಿನ ಜೀವಾಳ ವೆರಿಫೈಯರ್. ಪ್ರೋಗ್ರಾಂ ಓಡುವ ಮೊದಲೇ ಅದರ ದಾರಿಗಳನ್ನು ನಡೆದು ನೋಡುತ್ತದೆ. ಮ್ಯಾಪ್‌ನಿಂದ (ಪ್ರೋಗ್ರಾಂ ತನ್ನ ಮಾಹಿತಿ ಇಟ್ಟುಕೊಳ್ಳುವ ಕೋಷ್ಟಕದಿಂದ) ಒಂದು ಮೌಲ್ಯ ಕೇಳಿ, ಸಿಕ್ಕಿದೆಯೋ ಇಲ್ಲವೋ ನೋಡದೆ ಸುಮ್ನೆ ಮುಟ್ಟಲು ಹೋದಿರಾ? ಲೋಡ್ ಆಗುವುದೇ ಇಲ್ಲ. ತಾತ್ಕಾಲಿಕ ಲೆಕ್ಕಕ್ಕೆ ಸಿಗುವ ಜಾಗ, ಅಂದರೆ ಸ್ಟ್ಯಾಕ್, 512 ಬೈಟ್ ಮಾತ್ರ. ಮೊದಲು 4096 ಸೂಚನೆಗಳ ಮಿತಿ ಇತ್ತು. 2019ರ ಹೊತ್ತಿಗೆ ಅಧಿಕಾರವಿದ್ದವರಿಗೆ ಅದು 10 ಲಕ್ಷಕ್ಕೆ ಏರಿತು. ಕರ್ನಲ್ ಒಳಗೆ ಎಲ್ಲೆಂದರಲ್ಲಿ ಓಡುವ ಕೋಡು ಅದೇ ಕ್ಷಣ ಮೆಮೊರಿ ಕೇಳಿದರೆ ಕರ್ನಲ್ ತನ್ನದೇ ಬೀಗದಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೇ 2016ರಿಂದ ಹ್ಯಾಶ್ ಮ್ಯಾಪ್ ಎಂಬ ಬಗೆಯ ಮ್ಯಾಪ್‌ಗಳಿಗೆ ಬೇಕಾದ ಜಾಗವನ್ನು ಮೊದಲೇ ತೆಗೆದಿಡುವುದು ರೂಢಿಯಾಯಿತು. ವೆರಿಫೈಯರ್‌ನಲ್ಲೂ ತೂತುಗಳು ಸಿಕ್ಕಿವೆ ಅನ್ನೋದು ನಿಜ. ಸಾಮಾನ್ಯ ಬಳಕೆದಾರರಿಗೆ ಈಗ ಹೆಚ್ಚಿನ ಕಡೆ ಬಾಗಿಲು ಮುಚ್ಚಿದೆ.

ಎರಡೂ ಕತೆ ಕೂಡಿದ್ದು ಓಓಎಂ ನೀತಿಯನ್ನೇ ಬಿಪಿಎಫ್‌ನಲ್ಲಿ ಬರೆಯುವ ಪ್ರಯತ್ನದಲ್ಲಿ. 2023ರಲ್ಲಿ ಒಂದು ಪ್ರಸ್ತಾಪ ಬಂತು. 2025ರಲ್ಲಿ ಕರ್ನಲ್ ಡೆವಲಪರ್ ರೋಮನ್ ಗುಶ್ಚಿನ್ ಇನ್ನೊಂದು ರೂಪದ ಪ್ಯಾಚ್‌ಗಳನ್ನು (ಕೋಡ್ ತಿದ್ದುಪಡಿಗಳನ್ನು) ಮುಂದಿಟ್ಟರು. ನನಗೆ ಇದರಲ್ಲಿ ಹಿಡಿಸಿದ್ದು ಅಪನಂಬಿಕೆ. ಪ್ರೋಗ್ರಾಂ ಕರ್ನಲ್ ಕೆಡಿಸುವುದಿಲ್ಲ ಎಂದು ವೆರಿಫೈಯರ್ ಹೇಳಬಲ್ಲದು. ಅದು ಆರಿಸಿದ ಬಲಿ ಸರಿಯೇ ಎಂದು ಹೇಳಲಾರದು. ಯಾರನ್ನೂ ಕೊಲ್ಲದೆ ‘ಆಯ್ತು’ ಅಂದುಬಿಟ್ಟರೆ? ಆದ್ದರಿಂದ ಈ ಪ್ಯಾಚ್‌ಗಳಲ್ಲಿ ಕರ್ನಲ್ ಅದರ ಬಾಯಿಮಾತನ್ನಷ್ಟೇ ಕೇಳುವುದಿಲ್ಲ. ಮೆಮೊರಿ ಬಿಡಿಸಿದ ಗುರುತು ಬಿದ್ದಿದೆಯೇ ಎಂದೂ ನೋಡುತ್ತದೆ. ಬಿದ್ದಿಲ್ಲವೆಂದರೆ ಹಳೇ ಓಓಎಂ ಕಿಲ್ಲರ್ ತಾನೇ ಕೆಲಸಕ್ಕೆ ಇಳಿಯುತ್ತದೆ.